ಎಂಜಿನ್ ಏಕೆ ಮತ್ತೆ ಮತ್ತೆ ಬಿಸಿಯಾಗುತ್ತದೆ?

ನಂದಿಬೆಟ್ಟದ ರಸ್ತೆಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಬೇಸಿಗೆಯ ಭಾನುವಾರದಂದು ಆ ತಿರುವುಗಳಲ್ಲಿ ಹೋಗುವಾಗ ಒಂದು ದೃಶ್ಯ ಕಣ್ಣಿಗೆ ಬೀಳುವುದುಂಟು. ರಸ್ತೆಯ ಬದಿಗೆ ಒಂದು ಕಾರು ನಿಂತಿರುತ್ತದೆ. ಅದು ಹಿಂದಕ್ಕೆ ಉರುಳದಂತೆ ಚಕ್ರಕ್ಕೆ ಕಲ್ಲು ಕೊಟ್ಟಿರುತ್ತಾರೆ. ತೆರೆದ ಬಾನೆಟ್ಟಿನ ಕೆಳಗಿನಿಂದ ಆವಿ ಏಳುತ್ತಿರುತ್ತದೆ. ಮಕ್ಕಳು, ಹೆಂಗಸರು ಕೆಳಗಿಳಿದು ಮರದ ನೆರಳಿನಲ್ಲಿ ನಿಂತಿರುತ್ತಾರೆ. ಚಾಲಕ ಒಂದು ಕೈಯಲ್ಲಿ ನೀರಿನ ಕ್ಯಾನು, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಎಂಜಿನ್ನಿನ ಮೇಲೆ ಬಾಗಿರುತ್ತಾನೆ.

ನನಗೆ ಪರಿಚಯವಿರುವ ಒಬ್ಬ ಚಾಲಕರಿಗೆ ಇದೇ ರಸ್ತೆಯಲ್ಲಿ ಹೀಗಾಯಿತು. ಅವರು ಚಿಕ್ಕಬಳ್ಳಾಪುರದ ಕಡೆಯವರು. ಸಾಲ ಮಾಡಿ ಕೊಂಡ ಹಳೆಯ ಪೆಟ್ರೋಲ್ ಕಾರೊಂದನ್ನು ಬಾಡಿಗೆಗೆ ಓಡಿಸಿ ಸಂಸಾರ ಸಾಗಿಸುತ್ತಿದ್ದರು. ಊರೊಳಗೆ ಕಾರು ಚೆನ್ನಾಗಿಯೇ ಓಡುತ್ತಿತ್ತು. ಬೆಟ್ಟ ಹತ್ತತೊಡಗಿದರೆ ಮಾತ್ರ ತಾಪ ತೋರಿಸುವ ಮುಳ್ಳು ಕೆಂಪು ಗುರುತಿಗೆ ಹೋಗುತ್ತಿತ್ತು. ಒಂದು ದಿನ ಪ್ರಯಾಣಿಕರು ಅವಸರ ಮಾಡಿದರೆಂದು ಅವರು ಒದ್ದೆ ಬಟ್ಟೆ ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿದರು. ಕುದಿಯುವ ನೀರು ಚಿಮ್ಮಿ ಬಲಗೈ ಮೊಣಕೈವರೆಗೆ ಬೆಂದುಹೋಯಿತು. ಮೂರು ವಾರ ದುಡಿಮೆ ನಿಂತಿತು.

ಅಷ್ಟರ ಹೊತ್ತಿಗೆ ಆ ಕಾರಿಗೆ ನಾಲ್ಕು ಸಲ ರಿಪೇರಿ ಆಗಿತ್ತು. ಪ್ರತಿ ಸಲವೂ ಯಾವುದೋ ಒಂದು ಭಾಗ ಬದಲಾಗಿತ್ತು. ಪ್ರತಿ ಸಲವೂ ಕೆಲವು ದಿನ ಸರಿಯಾಗಿದ್ದು ಮತ್ತೆ ಅದೇ ತೊಂದರೆ ಬಂದಿತ್ತು. ಹಾಗಾದರೆ ಆ ದೋಷ ಎಲ್ಲಿತ್ತು? ನಾಲ್ಕು ಜನ ನೋಡಿದರೂ ಏಕೆ ಸಿಗಲಿಲ್ಲ? ಇಂದಿನ ನಮ್ಮ ಮಾತು ಇದನ್ನು ಕುರಿತದ್ದು. ಇದು ಕಾರಿನ ವಿಷಯ ನಿಜ. ಆದರೆ ನೀವು ಭೌತಶಾಸ್ತ್ರದ ಪಾಠದಲ್ಲಿ ಓದಿದ ಉಷ್ಣ, ಒತ್ತಡ, ಕುದಿಬಿಂದು ಇವೆಲ್ಲವೂ ಇದರಲ್ಲಿ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, ಒಂದು ದೋಷದ ಮೂಲವನ್ನು ಹುಡುಕುವುದು ಹೇಗೆ ಎಂಬ ವಿಚಾರ ಬರುತ್ತದೆ.

ಮೊದಲು ಈ ಉಷ್ಣ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ.

ಕಾರಿನ ಎಂಜಿನ್ ಒಂದು ಅಂತರ್ದಹನ ಯಂತ್ರ. ಸಿಲಿಂಡರಿನ ಒಳಗೆ ಪೆಟ್ರೋಲ್ ಉರಿಯುವಾಗ ಅಲ್ಲಿನ ಅನಿಲದ ತಾಪ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸ್‌ಗೂ ಮೇಲೇರುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಇಂದಿನ ಬಹುಪಾಲು ಕಾರುಗಳ ಪಿಸ್ಟನ್ ಮತ್ತು ಸಿಲಿಂಡರ್ ಹೆಡ್ ಅಲ್ಯೂಮಿನಿಯಂ ಮಿಶ್ರಲೋಹದವು. ತನ್ನೊಳಗಿನ ಬೆಂಕಿಗಿಂತ ಬಹು ಬೇಗ ಕರಗುವ ಲೋಹದಿಂದ ಮಾಡಿದ ಒಲೆ ಇದು! ಹೀಗಿದ್ದೂ ಅದು ಕರಗುವುದಿಲ್ಲ. ಏಕೆಂದರೆ ಉಷ್ಣವನ್ನು ಎಡೆಬಿಡದೆ ಹೊರಗೆ ಸಾಗಿಸುವ ಏರ್ಪಾಡು ಅದರಲ್ಲಿದೆ.

ಪೆಟ್ರೋಲಿನ ಶಕ್ತಿಯನ್ನು 100 ಪಾಲು ಎಂದು ತೆಗೆದುಕೊಳ್ಳಿ. ಅದರಲ್ಲಿ ಸುಮಾರು 25ರಿಂದ 30 ಪಾಲು ಮಾತ್ರ ಕೆಲಸವಾಗಿ ಚಕ್ರದ ಕಡೆಗೆ ಹೋಗುತ್ತದೆ. ಸುಮಾರು 30 ಪಾಲು ಎಂಜಿನ್ನಿನ ಸುತ್ತ ಹರಿಯುವ ನೀರಿಗೆ ಸೇರುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಸೈಲೆನ್ಸರಿನ ಮೂಲಕ ಬಿಸಿ ಹೊಗೆಯಾಗಿ ಹೊರಬೀಳುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಜನರೂ ಸೇರಿ 1200 ಕಿಲೋಗ್ರಾಂ ತೂಗುವ ಕಾರು 500 ಮೀಟರ್ ಎತ್ತರ ಏರುತ್ತದೆ ಎಂದಿಟ್ಟುಕೊಳ್ಳಿ. ಅದು ಗಳಿಸುವ ಪ್ರಚ್ಛನ್ನ ಶಕ್ತಿ ಸುಮಾರು 60 ಲಕ್ಷ ಜೌಲ್. ಕೆಲಸಕ್ಕೆ ಸಿಗುವುದು ಶೇಕಡಾ 25 ಎಂದಾದರೆ, ಇದಕ್ಕಾಗಿ 240 ಲಕ್ಷ ಜೌಲ್‌ನಷ್ಟು ಪೆಟ್ರೋಲ್ ಉರಿಯಬೇಕು. ಅದರಲ್ಲಿ ಶೇಕಡಾ 30, ಅಂದರೆ ಸುಮಾರು 70 ಲಕ್ಷ ಜೌಲ್ ಉಷ್ಣ, ತಂಪುಗೊಳಿಸುವ ನೀರಿಗೆ ಬರುತ್ತದೆ. 25 ಡಿಗ್ರಿಯಲ್ಲಿರುವ 20 ಲೀಟರಿಗೂ ಹೆಚ್ಚು ನೀರನ್ನು ಕುದಿಸಲು ಇಷ್ಟು ಸಾಕು. ಕಾರಿನಲ್ಲಿ ಇರುವುದಾದರೋ ಸುಮಾರು ನಾಲ್ಕೈದು ಲೀಟರ್. ಸಮತಟ್ಟಾದ ರಸ್ತೆಯಲ್ಲಿ ಕಾಣಿಸದ ದೋಷ ಬೆಟ್ಟದಲ್ಲಿ ಏಕೆ ಕಾಣಿಸಿಕೊಳ್ಳುತ್ತದೆ ಎಂಬುದು ಈಗ ನಿಮಗೆ ಹೊಳೆದಿರಬೇಕು. ಬೆಟ್ಟ ದೋಷವನ್ನು ಹುಟ್ಟಿಸುವುದಿಲ್ಲ. ಇರುವ ದೋಷವನ್ನು ಬಯಲು ಮಾಡುತ್ತದೆ.

ಈ ತೊಂದರೆ ಕಾರಿನಷ್ಟೇ ಹಳೆಯದು. 1888ರ ಆಗಸ್ಟ್ ತಿಂಗಳಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಮಹಿಳೆ ತನ್ನ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಕಾರಿನಲ್ಲಿ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಪ್ರಯಾಣ ಮಾಡಿದಳು. ಕಾರಿನಲ್ಲಿ ಕೈಗೊಂಡ ಮೊದಲ ದೂರ ಪ್ರಯಾಣ ಅದು. ಆ ಕಾರಿನಲ್ಲಿ ನೀರು ಕುದಿದು ಆವಿಯಾಗಿ ಹೋಗುವುದೇ ಎಂಜಿನ್ನನ್ನು ತಂಪಾಗಿಡುವ ಕ್ರಮವಾಗಿತ್ತು. ಹೀಗಾಗಿ ಆಕೆ ದಾರಿಯುದ್ದಕ್ಕೂ ಅಲ್ಲಲ್ಲಿ ನಿಲ್ಲಿಸಿ ನೀರು ತುಂಬಬೇಕಾಯಿತು. ಮುಂದೆ ವಿಲ್‌ಹೆಲ್ಮ್ ಮೇಬ್ಯಾಕ್ ಎಂಬ ಎಂಜಿನಿಯರ್ ಜೇನುಗೂಡಿನಂಥ ರೇಡಿಯೇಟರನ್ನು ರೂಪಿಸಿದ. 1901ರಲ್ಲಿ ರಸ್ತೆಗಿಳಿದ ಮರ್ಸಿಡಿಸ್ ಕಾರಿನ ರೇಡಿಯೇಟರಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಸಣ್ಣ ಕೊಳವೆಗಳಿದ್ದವು. ಗಾಳಿಗೆ ಒಡ್ಡಿಕೊಂಡ ಮೈ ಹೆಚ್ಚಿತು. ಕಡಿಮೆ ನೀರಿನಿಂದಲೇ ಹೆಚ್ಚು ಉಷ್ಣವನ್ನು ಹೊರಹಾಕುವುದು ಸಾಧ್ಯವಾಯಿತು.

ಬರ್ತಾ ಬೆಂಜ್ ಕಾರಿಗೆ ನೀರು ತುಂಬುತ್ತಲೇ ಇರಬೇಕಾಗಿತ್ತು ಎಂಬುದನ್ನು ನೆನಪಿನಲ್ಲಿಡಿ. ನಮ್ಮ ಕಥೆಯ ಕೊನೆಯಲ್ಲಿ ಅದು ಮತ್ತೆ ಬರುತ್ತದೆ.

ಈಗ ನಮ್ಮ ಕಾಲದ ಕಾರಿನಲ್ಲಿ ನೀರು ಹರಿಯುವ ದಾರಿಯನ್ನು ಗಮನಿಸಿ. ವಾಟರ್ ಪಂಪ್ ನೀರನ್ನು ಎಂಜಿನ್ನಿನೊಳಗೆ ತಳ್ಳುತ್ತದೆ. ಸಿಲಿಂಡರುಗಳ ಸುತ್ತಲಿನ ಪೊಳ್ಳಿನಲ್ಲಿ ಹರಿದು ಅದು ಬಿಸಿಯಾಗುತ್ತದೆ. ಮೇಲಿನ ರಬ್ಬರ್ ಹೋಸಿನಿಂದ ರೇಡಿಯೇಟರಿಗೆ ಬಂದು, ಅಲ್ಲಿನ ಸಣ್ಣ ಕೊಳವೆಗಳಲ್ಲಿ ಹಾಯುವಾಗ ತನ್ನ ಉಷ್ಣವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ತಂಪಾದ ನೀರು ಕೆಳಗಿನ ಹೋಸಿನ ಮೂಲಕ ಮತ್ತೆ ಪಂಪಿಗೆ ಬರುತ್ತದೆ. ಕಾರು ಓಡುವಾಗ ಎದುರುಗಾಳಿ ರೇಡಿಯೇಟರನ್ನು ತಂಪು ಮಾಡುತ್ತದೆ. ನಿಂತಾಗ, ನಿಧಾನವಾಗಿ ಹೋಗುವಾಗ ಫ್ಯಾನ್ ಆ ಕೆಲಸ ಮಾಡುತ್ತದೆ.

ಈ ದಾರಿಯಲ್ಲಿ ಇಬ್ಬರು ಕಾವಲುಗಾರರಿದ್ದಾರೆ. ಒಬ್ಬ ಥರ್ಮೋಸ್ಟಾಟ್. ಇದು ಒಳಗೆ ಮೇಣ ತುಂಬಿದ ಒಂದು ಕವಾಟ. ಎಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡು ನೀರು ರೇಡಿಯೇಟರಿಗೆ ಹೋಗದಂತೆ ತಡೆಯುತ್ತದೆ. ನೀರು ಸುಮಾರು 82ರಿಂದ 88 ಡಿಗ್ರಿಗೆ ಬಂದಾಗ ಮೇಣ ಕರಗಿ ಹಿಗ್ಗಿ ಕವಾಟ ತೆರೆಯುತ್ತದೆ.

ಇನ್ನೊಬ್ಬ ಕಾವಲುಗಾರ ರೇಡಿಯೇಟರಿನ ಮುಚ್ಚಳ. ಸಾಮಾನ್ಯ ಡಬ್ಬಿಯ ಮುಚ್ಚಳದಂತೆ ಕಂಡರೂ ಇದರೊಳಗೆ ಸ್ಪ್ರಿಂಗ್ ಇದೆ. ನಿಮ್ಮ ಮನೆಯ ಪ್ರೆಷರ್ ಕುಕ್ಕರಿನ ತೂಕದ ಹಾಗೆಯೇ ಇದರ ಕೆಲಸ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಎತ್ತರಕ್ಕೆ ಹೋದಂತೆ ವಾಯುಭಾರ ಕಡಿಮೆಯಾಗಿ ಕುದಿಬಿಂದುವೂ ಇಳಿಯುತ್ತದೆ. 1478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಆದರೆ ಮುಚ್ಚಳದ ಸ್ಪ್ರಿಂಗ್ ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸುಮಾರು ಒಂದು ವಾಯುಭಾರದಷ್ಟು ಹೆಚ್ಚಿಸುತ್ತದೆ. ಆಗ ಕುದಿಬಿಂದು 115 ಡಿಗ್ರಿಯ ಆಸುಪಾಸಿಗೆ ಏರುತ್ತದೆ.

ಚಾಲಕರ ಕೈ ಏಕೆ ಬೆಂದಿತು ಎಂಬುದಕ್ಕೆ ಇಲ್ಲಿ ಉತ್ತರವಿದೆ. ಮುಚ್ಚಳದ ಒಳಗೆ ನೀರು 110 ಡಿಗ್ರಿಯಲ್ಲಿತ್ತು ಎಂದುಕೊಳ್ಳಿ. ಒತ್ತಡದಿಂದಾಗಿ ಅದು ಕುದಿಯದೆ ಸುಮ್ಮನಿತ್ತು. ಮುಚ್ಚಳ ತೆಗೆದೊಡನೆ ಒತ್ತಡ ಇಳಿಯಿತು, ಕುದಿಬಿಂದು 95ಕ್ಕೆ ಕುಸಿಯಿತು. ಹೆಚ್ಚಾಗಿ ಉಳಿದ 15 ಡಿಗ್ರಿಯ ಉಷ್ಣ ಎಲ್ಲಿ ಹೋಗಬೇಕು? ಅದು ನೂರರಲ್ಲಿ ಸುಮಾರು ಮೂರು ಪಾಲು ನೀರನ್ನು ಒಮ್ಮೆಗೇ ಆವಿ ಮಾಡುತ್ತದೆ. ಮೂರು ಪಾಲು ಎಂದರೆ ಅಲ್ಪವೆನಿಸಬಹುದು. ಆದರೆ ಐದು ಲೀಟರ್ ನೀರಿನಿಂದ ಹುಟ್ಟುವ ಈ ಆವಿಯ ಗಾತ್ರ 200 ಲೀಟರಿಗೂ ಹೆಚ್ಚು. ಅದು ಹೊರಬರಲು ಇರುವುದು ಒಂದು ಸಣ್ಣ ಬಾಯಿ. ಬರುವಾಗ ಕುದಿಯುವ ನೀರನ್ನೂ ತನ್ನೊಡನೆ ಎತ್ತಿಕೊಂಡು ಬರುತ್ತದೆ. ಒದ್ದೆ ಬಟ್ಟೆ ಇದನ್ನು ತಡೆಯಲಾರದು.

ಆದ್ದರಿಂದ ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಇಂದಿನ ಭಾಷಣದಲ್ಲಿ ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ. ಬಿಸಿಯಾದ ಎಂಜಿನ್ನಿನ ಮುಚ್ಚಳವನ್ನು ತೆರೆಯಬಾರದು. ಕಾರನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕಡಿಮೆಯೆಂದರೂ ಅರ್ಧ ಗಂಟೆ ಕಾಯಬೇಕು. ರೇಡಿಯೇಟರೂ ಮೇಲಿನ ಹೋಸೂ ಪೂರ್ತಿ ತಣಿಯುವ ತನಕ ಮುಚ್ಚಳದ ತಂಟೆಗೆ ಹೋಗಬಾರದು. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯುವುದೂ ತಪ್ಪು. ಲೋಹ ಒಂದೆಡೆ ಥಟ್ಟನೆ ಕುಗ್ಗಿ ಬಿರುಕು ಬಿಡಬಹುದು. ಫ್ಯಾನಿನ ಹತ್ತಿರವೂ ಕೈ ಇಡಬೇಡಿ. ವಿದ್ಯುತ್ತಿನಿಂದ ತಿರುಗುವ ಕೆಲವು ಫ್ಯಾನುಗಳು ಎಂಜಿನ್ ನಿಂತ ಮೇಲೂ ತಾವಾಗಿಯೇ ತಿರುಗತೊಡಗುತ್ತವೆ.

ಇನ್ನು ದೋಷ ಹುಡುಕುವ ಕೆಲಸಕ್ಕೆ ಬರೋಣ.

ಜ್ವರ ಒಂದು ರೋಗವಲ್ಲ, ರೋಗದ ಸೂಚನೆ ಎಂದು ವೈದ್ಯರು ಹೇಳುತ್ತಾರೆ. ಎಂಜಿನ್ ಕಾಯುವುದೂ ಹಾಗೆಯೇ. ಮಲೇರಿಯಾಕ್ಕೂ ಜ್ವರ ಬರುತ್ತದೆ, ಟೈಫಾಯಿಡಿಗೂ ಬರುತ್ತದೆ. ಒಳ್ಳೆಯ ವೈದ್ಯರು ಔಷಧಿ ಬರೆಯುವ ಮೊದಲು ಪ್ರಶ್ನೆ ಕೇಳುತ್ತಾರೆ: ಯಾವಾಗ ಬರುತ್ತದೆ, ಚಳಿಯಿಂದ ಬರುತ್ತದೆಯೇ, ದಿನ ಬಿಟ್ಟು ದಿನ ಬರುತ್ತದೆಯೇ? ಕಾರಿನ ವಿಷಯದಲ್ಲೂ ಮೊದಲು ಬೇಕಾದದ್ದು ಸ್ಪ್ಯಾನರ್ ಅಲ್ಲ, ಪ್ರಶ್ನೆ.

ಮೊದಲ ಪ್ರಶ್ನೆ: ಎಂಜಿನ್ ನಿಜವಾಗಿಯೂ ಕಾದಿದೆಯೇ? ಕೆಲವೊಮ್ಮೆ ತಾಪ ಅಳೆಯುವ ಸೆನ್ಸರ್ ಅಥವಾ ತಂತಿ ಕೆಟ್ಟು ಮುಳ್ಳು ಸುಳ್ಳು ಹೇಳುತ್ತದೆ. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ನೀರು ತೀರ ಕಡಿಮೆಯಾದರೆ ಸೆನ್ಸರಿಗೆ ನೀರೇ ತಾಗದೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಅಳತೆಯನ್ನು ನಂಬುವ ಮೊದಲು ಅಳೆಯುವ ಸಾಧನವನ್ನು ಪರೀಕ್ಷಿಸಬೇಕು ಎಂದು ಪ್ರಯೋಗಶಾಲೆಯಲ್ಲಿ ನಿಮಗೆ ಹೇಳಿಕೊಟ್ಟಿದ್ದಾರಲ್ಲವೇ? ಅದೇ ಮಾತು ಇಲ್ಲಿಗೂ ಸಲ್ಲುತ್ತದೆ.

ಎರಡನೆಯ ಪ್ರಶ್ನೆ: ಯಾವಾಗ ಕಾಯುತ್ತದೆ? ಇದು ಬಹಳ ಬೆಲೆಯುಳ್ಳ ಪ್ರಶ್ನೆ. ಸಿಗ್ನಲ್ಲಿನಲ್ಲಿ ನಿಂತಾಗ ಕಾದು, ಹೆದ್ದಾರಿಯಲ್ಲಿ ಓಡುವಾಗ ತಣ್ಣಗಾಗುತ್ತಿದ್ದರೆ ಎದುರುಗಾಳಿ ಇದ್ದಾಗ ತೊಂದರೆ ಇಲ್ಲವೆಂದಾಯಿತು. ಆಗ ಸಂಶಯ ಫ್ಯಾನಿನ ಮೇಲೆ. ಅದರ ಮೋಟಾರು, ಫ್ಯೂಸು, ರಿಲೇ ಅಥವಾ ಸ್ವಿಚ್ಚು ಕೆಟ್ಟಿರಬಹುದು. ಬೆಲ್ಟಿನಿಂದ ತಿರುಗುವ ಫ್ಯಾನಾದರೆ ಬೆಲ್ಟ್ ಸಡಿಲವಾಗಿರಬಹುದು. ಇದಕ್ಕೆ ಬದಲಾಗಿ ನಿಂತಾಗ ಸರಿಯಾಗಿದ್ದು, ವೇಗದಲ್ಲಿ ಅಥವಾ ಏರಿನಲ್ಲಿ ಕಾಯುತ್ತಿದ್ದರೆ ನೀರು ಸಾಕಷ್ಟು ಹರಿಯುತ್ತಿಲ್ಲ, ಇಲ್ಲವೇ ರೇಡಿಯೇಟರ್ ಉಷ್ಣವನ್ನು ಸಾಕಷ್ಟು ಬಿಡುತ್ತಿಲ್ಲ ಎಂದು ಊಹಿಸಬೇಕು. ಬೆಳಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಮುಳ್ಳು ಮೇಲೇರಿದರೆ ಥರ್ಮೋಸ್ಟಾಟ್ ಮುಚ್ಚಿದಂತೆಯೇ ಸಿಕ್ಕಿಕೊಂಡಿರಬಹುದು, ಅಥವಾ ಉರಿಯುವ ಅನಿಲ ನೀರಿನೊಳಗೆ ನುಗ್ಗುತ್ತಿರಬಹುದು.

ಮೂರನೆಯ ಪ್ರಶ್ನೆ: ನೀರು ಕಡಿಮೆಯಾಗುತ್ತಿದೆಯೇ? ಆಗುತ್ತಿದ್ದರೆ ಎಲ್ಲಿಗೆ ಹೋಗುತ್ತಿದೆ? ಹೊರಗೆ ಸೋರುತ್ತಿದ್ದರೆ ಗುರುತು ಸಿಗುತ್ತದೆ. ಒಳಗೆ ಸೋರುತ್ತಿದ್ದರೆ ಹುಡುಕಬೇಕು. ಸಿಲಿಂಡರ್ ಹೆಡ್ಡಿಗೂ ಬ್ಲಾಕಿಗೂ ನಡುವೆ ಇರುವ ಗ್ಯಾಸ್ಕೆಟ್ ಒಡೆದರೆ ನೀರು ಸಿಲಿಂಡರಿಗೆ ಹೋಗಿ, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟವಾದ ಬಿಳಿ ಹೊಗೆ ಬರುತ್ತದೆ. ನೀರು ಆಯಿಲ್‌ಗೆ ಬೆರೆತರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಇದಕ್ಕೊಂದು ಸೊಗಸಾದ ರಾಸಾಯನಿಕ ಪರೀಕ್ಷೆಯೂ ಇದೆ. ರೇಡಿಯೇಟರಿನ ಬಾಯಿಯಲ್ಲಿ ಮೇಲೇಳುವ ಗಾಳಿಯನ್ನು ಒಂದು ನೀಲಿ ದ್ರವದ ಮೂಲಕ ಹಾಯಿಸುತ್ತಾರೆ. ಉರಿದ ಅನಿಲದಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅದು ಸೇರಿದ್ದರೆ ನೀಲಿ ದ್ರವ ಹಳದಿಯಾಗುತ್ತದೆ. ಬಣ್ಣ ಬದಲಾಗದಿದ್ದರೆ ಗ್ಯಾಸ್ಕೆಟಿನ ಮೇಲಿನ ಸಂಶಯ ಬಹುಮಟ್ಟಿಗೆ ದೂರವಾಗುತ್ತದೆ.

ನಾಲ್ಕನೆಯ ಪ್ರಶ್ನೆ: ಉಷ್ಣ ಹೊರಹೋಗುವುದು ಕಡಿಮೆಯಾಗಿದೆಯೇ, ಅಥವಾ ಹುಟ್ಟುವುದೇ ಹೆಚ್ಚಾಗಿದೆಯೇ? ಕಿಡಿ ಹೊತ್ತಿಕೊಳ್ಳುವ ಸಮಯ ತಡವಾದರೆ ಎಂಜಿನ್ ಹೆಚ್ಚು ಕಾಯುತ್ತದೆ. ಬ್ರೇಕ್ ಚಕ್ರವನ್ನು ಹಿಡಿದುಕೊಂಡೇ ಇದ್ದರೆ ಎಂಜಿನ್ ವೃಥಾ ದುಡಿಯಬೇಕಾಗುತ್ತದೆ. ರೇಡಿಯೇಟರನ್ನು ಎಷ್ಟು ತೊಳೆದರೂ ಇಂಥ ದೋಷ ಹೋಗದು.

ಗಮನಿಸಿ, ಇದುವರೆಗೆ ನಾವು ಒಂದು ಭಾಗವನ್ನೂ ಬದಲಾಯಿಸಿಲ್ಲ. ಪ್ರಶ್ನೆ ಕೇಳುತ್ತ, ಸಾಧ್ಯತೆಗಳನ್ನು ಒಂದೊಂದಾಗಿ ತೆಗೆದುಹಾಕುತ್ತ ಬಂದಿದ್ದೇವೆ.

ಈಗ ಚಿಕ್ಕಬಳ್ಳಾಪುರದ ಆ ಕಾರಿಗೆ ಮರಳೋಣ. ಅದಕ್ಕೆ ಆದ ನಾಲ್ಕು ರಿಪೇರಿಗಳು ಇವು. ಮೊದಲನೆಯವರು ರೇಡಿಯೇಟರಿನ ಮುಚ್ಚಳ ಬದಲಾಯಿಸಿದರು. ಎರಡನೆಯವರು ಹೊಸ ಥರ್ಮೋಸ್ಟಾಟ್ ಹಾಕಿದರು. ಮೂರನೆಯವರು, ನಮ್ಮ ಸೆಕೆಯ ದೇಶಕ್ಕೆ ಇದು ಬೇಕಾಗಿಯೇ ಇಲ್ಲ ಎಂದು ಆ ಥರ್ಮೋಸ್ಟಾಟನ್ನೇ ಕಿತ್ತುಹಾಕಿದರು. ಇದು ನಮ್ಮಲ್ಲಿ ಹಲವರು ಮಾಡುವ ತಪ್ಪು. ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ತನಗೆ ಬೇಕಾದ ತಾಪಕ್ಕೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆ, ಸವೆತವೂ ಹೆಚ್ಚುತ್ತದೆ. ನಾಲ್ಕನೆಯವರು ರೇಡಿಯೇಟರನ್ನು ಬಿಚ್ಚಿ ಕೊಳವೆಗಳನ್ನು ಶುಚಿ ಮಾಡಿದರು. ಇದರಿಂದ ನಿಜವಾಗಿ ಗುಣ ಕಂಡಿತು. ಕಾರು ನಾಲ್ಕು ತಿಂಗಳು ಬೆಟ್ಟ ಹತ್ತಿತು. ಐದನೆಯ ತಿಂಗಳಿನಲ್ಲಿ ಮತ್ತೆ ಕಾಯತೊಡಗಿತು. ಕೈ ಸುಟ್ಟದ್ದು ಆಗಲೇ.

ಕೈ ವಾಸಿಯಾದ ಮೇಲೆ ಅವರು ಕಾರನ್ನು ಒಬ್ಬ ವಯಸ್ಸಾದ ಮೇಸ್ತ್ರಿಯ ಬಳಿಗೆ ಒಯ್ದರು. ಅಂದು ನಾನೂ ಅಲ್ಲಿದ್ದೆ. ಮೇಸ್ತ್ರಿ ಬಾನೆಟ್ ತೆರೆಯುವ ಮೊದಲು ಬೆಂಚಿನ ಮೇಲೆ ಕುಳಿತು ಮಾತಿಗೆ ಶುರುಮಾಡಿದರು.

“ಊರಲ್ಲಿ ನಿಂತಾಗ ಕಾಯುತ್ತೇನಪ್ಪಾ?”

“ಇಲ್ಲ ಸಾರ್. ಫ್ಯಾನ್ ಸರಿಯಾಗೇ ತಿರುಗುತ್ತೆ.”

“ದಿನಕ್ಕೆ ಎಷ್ಟು ನೀರು ಹಾಕ್ತೀಯ?”

“ಬೆಳಗ್ಗೆ ಎದ್ದು ಒಂದರ್ಧ ಲೀಟರ್ ಹಾಕ್ತೀನಿ ಸಾರ್. ಅದು ಎಲ್ಲಾರೂ ಹಾಕೋದೇ ಅಲ್ವಾ?”

“ಯಾವ ನೀರು?”

“ನಮ್ಮನೆ ಬೋರ್‌ವೆಲ್ ನೀರು.”

ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ನೋಡಪ್ಪಾ, ಸರಿಯಾಗಿರೋ ಗಾಡಿ ನೀರು ಕುಡಿಯಲ್ಲ.”

ಇಡೀ ದೋಷದ ಬೀಗದ ಕೈ ಈ ಒಂದು ಮಾತಿನಲ್ಲಿತ್ತು. ಇಂದಿನ ಕಾರಿನ ನೀರಿನ ವ್ಯವಸ್ಥೆ ಮುಚ್ಚಿದ ವ್ಯವಸ್ಥೆ. ಬಿಸಿಯಾಗಿ ಹಿಗ್ಗಿದ ನೀರು ಪಕ್ಕದ ತೊಟ್ಟಿಗೆ ಹೋಗಿ, ತಣಿದ ಮೇಲೆ ಹಿಂದಕ್ಕೆ ಬರುತ್ತದೆ. ಅದಕ್ಕೆ ದಿನಾ ನೀರು ಹಾಕುವ ಅಗತ್ಯ ಬೀಳಬಾರದು. ಬರ್ತಾ ಬೆಂಜ್ ಕಾರಿಗೆ ನೀರು ತುಂಬುವುದು ಸಹಜವಾಗಿತ್ತು. ನಮ್ಮ ಕಾರಿಗೆ ಅದು ರೋಗದ ಸೂಚನೆ. ಚಾಲಕರು ಅದನ್ನು ರೋಗವೆಂದು ತಿಳಿಯದೆ, ಹಲ್ಲುಜ್ಜುವ ಹಾಗೆ ಬೆಳಗಿನ ರೂಢಿ ಎಂದುಕೊಂಡಿದ್ದರು. ಹೀಗಾಗಿ ನಾಲ್ಕು ಗ್ಯಾರೇಜುಗಳಲ್ಲಿ ಯಾರಿಗೂ ಅದನ್ನು ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಮೇಸ್ತ್ರಿ ಮೊದಲು ನೀಲಿ ದ್ರವದ ಪರೀಕ್ಷೆ ಮಾಡಿದರು. ಬಣ್ಣ ಬದಲಾಗಲಿಲ್ಲ. ಗ್ಯಾಸ್ಕೆಟ್ ಚೆನ್ನಾಗಿತ್ತು. ಬ್ರೇಕು, ಕಿಡಿಯ ಸಮಯ ಎರಡೂ ಸರಿಯಾಗಿದ್ದವು. ಬಿಸಿ ಎಂಜಿನ್ನನ್ನು ಓಡಿಸಿಟ್ಟು, ದೂರದಿಂದಲೇ ತಾಪ ಅಳೆಯುವ ಸಾಧನವನ್ನು ರೇಡಿಯೇಟರಿನ ಉದ್ದಗಲಕ್ಕೂ ಆಡಿಸಿದರು. ಕೆಲವು ಕೊಳವೆಗಳು ಬಿಸಿಯಾಗಿದ್ದವು, ಒಂದು ಮೂಲೆಯವು ತಣ್ಣಗಿದ್ದವು. ಅಲ್ಲಿ ನೀರು ಹರಿಯುತ್ತಿರಲಿಲ್ಲ. ಹಾಗಾದರೆ ನಾಲ್ಕು ತಿಂಗಳ ಹಿಂದಷ್ಟೇ ಶುಚಿಯಾದ ಕೊಳವೆಗಳು ಮತ್ತೆ ಏಕೆ ಕಟ್ಟಿಕೊಂಡವು?

ಬೋರ್‌ವೆಲ್ ನೀರು ಬಹುತೇಕ ಗಡಸು ನೀರು. ಅದರಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ಕಾಯಿಸಿದಾಗ ಅದು ಒಡೆದು ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಅಂಟಿಕೊಳ್ಳುತ್ತದೆ. ನಿಮ್ಮ ಮನೆಯ ನೀರು ಕಾಯಿಸುವ ಹಂಡೆಯ ಒಳಗೆ, ಗೀಸರಿನ ಕಾಯಿಲಿನ ಮೇಲೆ ಕಟ್ಟುವ ಬಿಳಿಯ ಪದರ ಇದೇ. ತಾಮ್ರ ಉಷ್ಣವನ್ನು ಸಾಗಿಸುವ ಶಕ್ತಿ ಈ ಪದರದ್ದಕ್ಕಿಂತ ನೂರು ಪಟ್ಟಿಗೂ ಹೆಚ್ಚು. ಹಾಗಾಗಿ ತೆಳುವಾದ ಪದರವೂ ರೇಡಿಯೇಟರಿಗೆ ಕಂಬಳಿ ಹೊದಿಸಿದಂತೆ.

ಒಮ್ಮೆ ಮಾತ್ರ ಇಂಥ ನೀರು ತುಂಬಿದ್ದರೆ ಅದರೊಳಗಿನ ಸುಣ್ಣ ಅಂಟಿಕೊಂಡು ಮುಗಿಯುತ್ತಿತ್ತು. ಆದರೆ ಇಲ್ಲಿ ಪ್ರತಿ ದಿನವೂ ಹೊಸ ನೀರು, ಪ್ರತಿ ದಿನವೂ ಹೊಸ ಸುಣ್ಣ. ಲೀಟರಿಗೆ ಅರ್ಧ ಗ್ರಾಂ ಎಂದಿಟ್ಟುಕೊಂಡರೂ, ದಿನಕ್ಕೆ ಅರ್ಧ ಲೀಟರಿನಂತೆ 120 ದಿನಕ್ಕೆ 60 ಲೀಟರ್ ನೀರು, 30 ಗ್ರಾಂ ಸುಣ್ಣ. ಇದರ ಜೊತೆಗೆ ತುಕ್ಕು ತಡೆಯುವ ಕೂಲೆಂಟ್ ಇಲ್ಲದ ಬರಿಯ ನೀರಿನಿಂದ ಎಂಜಿನ್ ಬ್ಲಾಕಿನ ಕಬ್ಬಿಣ ತುಕ್ಕು ಹಿಡಿದು, ಆ ಪುಡಿಯೂ ಸೇರಿಕೊಳ್ಳುತ್ತಿತ್ತು. ಕಿರಿದಾದ ಕೊಳವೆಗಳು ಕಟ್ಟಲು ಇನ್ನೇನು ಬೇಕು?

ಇಷ್ಟಕ್ಕೇ ಮೇಸ್ತ್ರಿ ನಿಲ್ಲಲಿಲ್ಲ. ದಿನಾ ಹಾಕಿದ ಆ ಅರ್ಧ ಲೀಟರ್ ನೀರು ಹೋಗುತ್ತಿದ್ದುದಾದರೂ ಎಲ್ಲಿಗೆ? ಕಾರು ನಿಂತ ಜಾಗದಲ್ಲಿ ನೆಲ ಒಣಗಿರುತ್ತಿತ್ತು. ಅವರು ಎಂಜಿನ್ ಪೂರ್ತಿ ತಣಿಯಲು ಬಿಟ್ಟು, ಮುಚ್ಚಳದ ಜಾಗಕ್ಕೆ ಒಂದು ಕೈಪಂಪು ಜೋಡಿಸಿ ಒಳಗೆ ಒತ್ತಡ ಕೊಟ್ಟರು. ಪಂಪಿನ ಮೀಟರಿನ ಮುಳ್ಳು ನಿಧಾನವಾಗಿ ಇಳಿಯತೊಡಗಿತು. ಟಾರ್ಚು ಹಿಡಿದು ನೋಡಿದಾಗ ವಾಟರ್ ಪಂಪಿನ ಕೆಳಭಾಗದಲ್ಲಿರುವ ಸಣ್ಣ ತೂತಿನಿಂದ ಒಂದು ಹನಿ ಇಣುಕಿತು. ಪಂಪಿನೊಳಗಿನ ಸೀಲ್ ಸವೆದಾಗ ನೀರು ಬೇರಿಂಗಿಗೆ ಹೋಗದೆ ಹೊರಗೆ ಕಾಣಿಸಲಿ ಎಂದೇ ಆ ತೂತನ್ನು ಇಟ್ಟಿರುತ್ತಾರೆ. ಆದರೆ ಕಾರು ಓಡುವಾಗ ಬಿದ್ದ ಹನಿಗಳು ಕಾದ ಲೋಹದ ಮೇಲೆ ಆರಿಹೋಗುತ್ತಿದ್ದವು. ಉಳಿಯುತ್ತಿದ್ದುದು ಒಂದು ಮಾಸಲು ಬಿಳಿಯ ಗೆರೆ ಮಾತ್ರ. ನಾಲ್ಕು ಗ್ಯಾರೇಜಿನವರೂ ಆ ಗೆರೆಯನ್ನು ನೋಡಿರಬಹುದು. ಕೊಳೆ ಎಂದುಕೊಂಡು ಬಿಟ್ಟಿರಬಹುದು.

ಈಗ ಸರಪಳಿಯನ್ನು ಜೋಡಿಸಿ ನೋಡಿ. ಸೀಲ್ ಸವೆಯಿತು, ನೀರು ಸೋರಿತು. ಸೋರಿದ್ದನ್ನು ತುಂಬಲು ಗಡಸು ನೀರು ಬಂತು. ಅದರಿಂದ ಸುಣ್ಣ ಕಟ್ಟಿತು, ಕೊಳವೆ ಮುಚ್ಚಿತು. ಕೊನೆಗೆ ಬೆಟ್ಟದಲ್ಲಿ ಎಂಜಿನ್ ಕಾಯಿತು. ಮೊದಲ ಮೂವರು ಈ ಸರಪಳಿಯನ್ನು ಮುಟ್ಟಲೇ ಇಲ್ಲ. ನಾಲ್ಕನೆಯವರು ಕೊನೆಯ ಕೊಂಡಿಯ ಹತ್ತಿರದವರೆಗೆ ಬಂದರು. ಕೊಳವೆ ಕಟ್ಟಿದೆ ಎಂದು ಕಂಡುಹಿಡಿದರು, ಶುಚಿ ಮಾಡಿದರು. ಅವರ ಕೆಲಸ ತಪ್ಪಾಗಿರಲಿಲ್ಲ. ಆದರೆ ಏಕೆ ಕಟ್ಟಿತು ಎಂಬ ಇನ್ನೊಂದು ಪ್ರಶ್ನೆಯನ್ನು ಅವರು ಕೇಳಲಿಲ್ಲ. ನಾಲ್ಕು ತಿಂಗಳ ನೆಮ್ಮದಿಗೂ ಕಾಯಂ ಪರಿಹಾರಕ್ಕೂ ನಡುವೆ ಇದ್ದದ್ದು ಆ ಒಂದು ಪ್ರಶ್ನೆ.

ಹೊಸ ವಾಟರ್ ಪಂಪ್ ಹಾಕಿದರು. ರೇಡಿಯೇಟರನ್ನು ಮತ್ತೆ ಶುಚಿ ಮಾಡಿಸಿದರು. ಕಿತ್ತುಹಾಕಿದ್ದ ಥರ್ಮೋಸ್ಟಾಟ್ ತನ್ನ ಜಾಗಕ್ಕೆ ಮರಳಿತು. ಬಟ್ಟಿ ಇಳಿಸಿದ ನೀರಿಗೆ ಕೂಲೆಂಟ್ ಬೆರೆಸಿ ತುಂಬಿದರು. ಆಮೇಲೆ ಎರಡು ಬೇಸಿಗೆ ಕಳೆದಿವೆ. ಚಾಲಕರು ಈಗಲೂ ಪ್ರತಿ ಬೆಳಗ್ಗೆ ಬಾನೆಟ್ ಎತ್ತುತ್ತಾರೆ. ನೀರು ಹಾಕುವುದಕ್ಕಲ್ಲ, ತೊಟ್ಟಿಯಲ್ಲಿ ನೀರು ನಿನ್ನೆಯ ಗುರುತಿನಲ್ಲೇ ಇದೆಯೇ ಎಂದು ನೋಡುವುದಕ್ಕೆ. ಮುಚ್ಚಳ ಮುಟ್ಟುವಾಗ ಮಾತ್ರ ಅವರ ಬಲಗೈ ಇನ್ನೂ ಒಂದು ಗಳಿಗೆ ಹಿಂಜರಿಯುತ್ತದೆ.

ತಡ ಮಾಡಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಹೇಳಬೇಕು. ಪದೇ ಪದೇ ಅತಿಯಾಗಿ ಕಾದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಒಡೆಯುತ್ತದೆ, ಕೊನೆಗೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ನೇ ನಿಲ್ಲುತ್ತದೆ. ಕಾರಿನಿಂದಲೇ ಅನ್ನ ಕಾಣುವ ಮನೆಗೆ ಅದು ಸಣ್ಣ ಪೆಟ್ಟಲ್ಲ.

ವಿದ್ಯುತ್ ಕಾರುಗಳ ಕಾಲದಲ್ಲಿ ಇದನ್ನೆಲ್ಲ ಏಕೆ ತಿಳಿಯಬೇಕು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ವಿದ್ಯುತ್ ಕಾರಿನಲ್ಲಿ ಪೆಟ್ರೋಲ್ ಉರಿಯುವುದಿಲ್ಲ, ನಿಜ. ಆದರೆ ಅದರ ಬ್ಯಾಟರಿಯೂ ಮೋಟಾರೂ ಕೆಲಸ ಮಾಡುವಾಗ ಬಿಸಿಯಾಗುತ್ತವೆ. ಅಂಥ ಅನೇಕ ಕಾರುಗಳಲ್ಲಿಯೂ ಪಂಪು, ರೇಡಿಯೇಟರು, ಕೂಲೆಂಟು ಇವೆ. ಉಷ್ಣ ಹುಟ್ಟುವ ಜಾಗ ಬದಲಾಗಿದೆ. ಅದನ್ನು ಹೊರಗೆ ಸಾಗಿಸುವ ಪ್ರಶ್ನೆ ಹಾಗೆಯೇ ಉಳಿದಿದೆ.

ನೀವು ಮಾಡಿ ನೋಡಬಹುದಾದ ಒಂದು ಪ್ರಯೋಗ ಹೇಳಿ ಮುಗಿಸುತ್ತೇನೆ. ಹತ್ತಿರದ ಗ್ಯಾರೇಜಿನಿಂದ ಒಂದು ಹಳೆಯ ಥರ್ಮೋಸ್ಟಾಟ್ ಕೇಳಿ ತನ್ನಿ. ಅದರ ಮೇಲೆ 82 ಅಥವಾ 88 ಎಂದು ಅಂಕೆ ಕೊರೆದಿರಬಹುದು. ಚೆನ್ನಾಗಿ ತೊಳೆದು, ದಾರ ಕಟ್ಟಿ, ಅಡುಗೆಗೆ ಬಳಸದ ಒಂದು ಪಾತ್ರೆಯ ನೀರಿನಲ್ಲಿ ತಳ ತಾಗದಂತೆ ಇಳಿಬಿಡಿ. ಪಕ್ಕದಲ್ಲಿ ಪ್ರಯೋಗಶಾಲೆಯ ಥರ್ಮಾಮೀಟರ್ ಇರಲಿ. ಶಿಕ್ಷಕರನ್ನು ಜೊತೆಯಲ್ಲಿಟ್ಟುಕೊಂಡು ನೀರನ್ನು ನಿಧಾನವಾಗಿ ಕಾಯಿಸಿ. ಕವಾಟ ಎಷ್ಟು ಡಿಗ್ರಿಗೆ ತೆರೆಯಲು ತೊಡಗುತ್ತದೆ, ತಣಿಯುವಾಗ ಎಷ್ಟಕ್ಕೆ ಮುಚ್ಚುತ್ತದೆ ಎಂದು ಬರೆದಿಡಿ. ತೆರೆಯದೇ ಹೋದರೆ ಒಂದು ಎಂಜಿನ್ ಏಕೆ ಕಾದಿತ್ತು ಎಂಬುದು ನಿಮಗೆ ತಿಳಿದಂತಾಯಿತು. ಆಗಲೂ ಅಲ್ಲಿಗೇ ನಿಲ್ಲಬೇಡಿ. ಅದು ಏಕೆ ಸಿಕ್ಕಿಕೊಂಡಿತು, ತುಕ್ಕಿನಿಂದಲೋ, ಸುಣ್ಣದಿಂದಲೋ ಎಂದು ಇನ್ನೊಮ್ಮೆ ನೋಡಿ.

ಒಂದು ತೊಂದರೆ ಮತ್ತೆ ಮತ್ತೆ ಬರುತ್ತಿದ್ದರೆ ಅದರ ಮೂಲ ಇನ್ನೂ ನಮ್ಮ ಕೈಗೆ ಸಿಕ್ಕಿಲ್ಲ ಎಂದೇ ಅರ್ಥ. ರೂಢಿ ಎಂದು ನಾವು ಲೆಕ್ಕಕ್ಕೇ ತೆಗೆದುಕೊಳ್ಳದ ಸಂಗತಿಯಲ್ಲೇ ಅದು ಅಡಗಿರಬಹುದು. ಮುಂದಿನ ಸಲ ನಂದಿಬೆಟ್ಟದ ದಾರಿಯಲ್ಲಿ ಆವಿಯೇಳುವ ಕಾರು ಕಂಡರೆ, ಚಾಲಕನ ಕೈ ಮುಚ್ಚಳದ ಕಡೆಗೆ ಹೋಗುತ್ತಿದ್ದರೆ, ಮೊದಲು ಆ ಕೈಯನ್ನು ತಡೆಯಿರಿ. ನೆರಳಿನಲ್ಲಿ ಕೂರಿಸಿ. ಆಮೇಲೆ ಕೇಳಿ: ದಿನಕ್ಕೆ ಎಷ್ಟು ನೀರು ಹಾಕುತ್ತೀರಿ?